ಎಂಎಲ್ಎ ಆಫೀಸಲ್ಲಿ "ಮೀಡಿಯಾ ನೋಡ್ಕೊ" ಅಂದ್ರೆ ಏನೇನ್ ನೋಡ್ಕೋಬೇಕು

ಚಿಂತಾಮಣಿ ಕಡೆ ನಮ್ ಸಂಬಂಧಿಕರ ಹುಡುಗ ಒಬ್ಬ, ಡಿಗ್ರಿ ಮುಗಿಸಿ ಸುಮ್ನಿದ್ದ, ಈಗ ಒಬ್ಬ ಜನಪ್ರತಿನಿಧಿ ಆಫೀಸಿಗೆ ಸೇರ್ಕೊಂಡಿದಾನೆ. ಮೊದಲ್ನೇ ದಿನಾನೇ "ನೀನು ಮೀಡಿಯಾ ನೋಡ್ಕೊಳಪ್ಪ" ಅಂದ್ಬಿಟ್ರಂತೆ. ರಾತ್ರಿ ಫೋನ್ ಮಾಡ್ದ, "ಮಾವ, ನಂಗೆ ಕ್ಯಾನ್ವಾದಲ್ಲಿ ಪೋಸ್ಟರ್ ಮಾಡೋಕ್ ಬರುತ್ತೆ, ರೀಲ್ಸ್ ಎಡಿಟ್ ಮಾಡೋಕ್ ಬರುತ್ತೆ, ಸಾಕಲ್ವಾ?" ಅಂತ. ಸಾಕಾಗಲ್ಲ ಕಣಪ್ಪ ಅಂತ ಶುರು ಮಾಡಿದ್ದು ಒಂದೂವರೆ ಗಂಟೆ ಆಯ್ತು, ಫೋನ್ ಬಿಸಿಯಾಗಿ ಇಟ್ಟೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಇಂಥ ಕೆಲ್ಸಕ್ಕೆ ಸೇರ್ಕೊಳೋರು ನಮ್ ಕೋಲಾರ, ಚಿಕ್ಕಬಳ್ಳಾಪುರ ಕಡೆ ಈಗ ಬಹಳ ಜನ ಇದಾರೆ, ಇಲಾಖೆ ಕಡೆಯಿಂದ ಪ್ರಚಾರ ನೋಡ್ಕೊಳೋ ಸಿಬ್ಬಂದಿಗೂ ಉಪಯೋಗಕ್ಕೆ ಬರಬಹುದು.

ನಂದು ಏನು ಅನುಭವ ಅಂದ್ರೆ, ಕೋಲಾರದಲ್ಲಿ ಕೆಲವು ವರ್ಷ ತಾಲ್ಲೂಕು ವರದಿಗಾರ ಆಗಿದ್ದೆ, ಆಮೇಲೆ ಒಬ್ಬರ ಆಫೀಸಲ್ಲಿ ಪ್ರೆಸ್ ಕೆಲ್ಸ ಮಾಡ್ದೆ. ಪ್ರೆಸ್ ನೋಟ್ ಈಸ್ಕೊಂಡು ಬೈದಿದ್ದೂ ಇದೆ, ಪ್ರೆಸ್ ನೋಟ್ ಬರ್ದು ಬೈಸ್ಕೊಂಡಿದ್ದೂ ಇದೆ.

ಮೊದ್ಲು ಇದು ಯಾರ ದುಡ್ಡು ಅಂತ ಕೇಳ್ಕೊಳ್ಳಿ

ಈ ಕೆಲ್ಸದಲ್ಲಿ ಎರಡು ಖಾತೆ ಇರುತ್ತೆ. ಒಂದು ಸರ್ಕಾರದ್ದು, ಒಂದು ಸಾಹೇಬ್ರದ್ದು. ಸರ್ಕಾರದ್ದು ಅಂದ್ರೆ ಪಿಂಚಣಿ ಅರ್ಜಿ ಯಾವಾಗ, ಲಸಿಕೆ ಯಾವಾಗ, ಕರೆಂಟು ಎಷ್ಟೊತ್ತು ಇರಲ್ಲ, ಇದನ್ನ ಜನಕ್ಕೆ ಮುಟ್ಟಿಸೋದು. ಸಾಹೇಬ್ರದ್ದು ಅಂದ್ರೆ ಸಾಹೇಬ್ರಿಗೆ ಹೆಸ್ರು ಬರೋ ಹಾಗೆ ನೋಡ್ಕೊಳೋದು, ಮುಂದಿನ ಸಲ ಓಟು ಬೀಳ್ಬೇಕು ಅಷ್ಟೆ, ಅದ್ರಲ್ಲಿ ಮುಚ್ಚುಮರೆ ಏನಿಲ್ಲ, ತಪ್ಪೂ ಇಲ್ಲ. ತಪ್ಪಾಗೋದು ಮೊದಲ್ನೇದರ ದುಡ್ಡಲ್ಲಿ ಎರಡನೇದು ಮಾಡಿದಾಗ. ನಾನು ನೋಡಿರೋ ಮುಕ್ಕಾಲು ಗಲಾಟೆ ಇಲ್ಲೇ ಹುಟ್ಟಿರೋದು.

ಸರ್ಕಾರದ ಕಡೆ ಇದಕ್ಕೆ ಅಂತಾನೇ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಇದೆ, ಜಿಲ್ಲೆಗೊಂದು ಕಚೇರಿ, ನಾವೆಲ್ಲ ವಾರ್ತಾ ಇಲಾಖೆ ಅಂತೀವಿ. ಡಿಸಿ ಮೀಟಿಂಗ್ ಸುದ್ದಿ, ಸಚಿವರ ಪ್ರವಾಸ ಕಾರ್ಯಕ್ರಮ, ಜಯಂತಿಗಳ ಫೋಟೋ, ಯೋಜನೆಗಳ ಪ್ರಕಟಣೆ ಎಲ್ಲ ಅಲ್ಲಿಂದ ಹೊರಡುತ್ತೆ. ಪತ್ರಕರ್ತರ ಮಾನ್ಯತೆ ಕಾರ್ಡಿನ ಕೆಲ್ಸಾನೂ ಅವ್ರದ್ದೇ. ನೀವು ಸಾಹೇಬ್ರ ಆಫೀಸಲ್ಲಿ ಇದ್ರೆ ಮೊದಲ ವಾರದಲ್ಲೇ ಹೋಗಿ ವಾರ್ತಾಧಿಕಾರಿಗಳಿಗೆ ಒಂದು ನಮಸ್ಕಾರ ಹೇಳಿ ಬನ್ನಿ, ಆದ್ರೆ ಅವ್ರು ನಿಮ್ ಕೈಕೆಳಗಿನವರಲ್ಲ ಅನ್ನೋದು ನೆನಪಿರ್ಲಿ. "ಸಾಹೇಬ್ರ ಬರ್ತ್‌ಡೇ ಇದೆ, ನಿಮ್ ಫೋಟೋಗ್ರಾಫರ್ ಕಳ್ಸಿ" ಅಂತ ಫೋನ್ ಮಾಡೋರನ್ನ ನೋಡಿದೀನಿ, ನೋಡೋಕೆ ನಮಗೇ ನಾಚಿಕೆ ಆಗುತ್ತೆ.

ಜಾಹೀರಾತಲ್ಲಿ ಯಾರ ಫೋಟೋ ಹಾಕಬಹುದು ಅನ್ನೋದು ಸುಪ್ರೀಂ ಕೋರ್ಟ್ ತನಕ ಹೋಗಿ ಬಂದಿರೋ ವಿಷಯ. 2015ರ ಮೇ ತಿಂಗಳಲ್ಲಿ ಕೋರ್ಟು, ಸರ್ಕಾರಿ ದುಡ್ಡಿನ ಜಾಹೀರಾತಲ್ಲಿ ರಾಷ್ಟ್ರಪತಿ, ಪ್ರಧಾನಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಈ ಮೂವರ ಫೋಟೋ ಬಿಟ್ಟು ಬೇರೆ ಯಾರದ್ದೂ ಬೇಡ ಅಂತು. ರಾಜ್ಯಗಳು ಬಿಡ್ತಾವಾ, ಮತ್ತೆ ಹೋದ್ವು, 2016ರ ಮಾರ್ಚಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿ, ಆಯಾ ಇಲಾಖೆ ಸಚಿವರ ಫೋಟೋಗೂ ಒಪ್ಪಿಗೆ ಸಿಕ್ತು. ಆದ್ರೆ ಜಾಹೀರಾತು ಪಕ್ಷದ ಪ್ರಚಾರ ಆಗಬಾರ್ದು, ಎದುರು ಪಕ್ಷನ ಬೈಯಬಾರ್ದು ಅನ್ನೋ ಮಾರ್ಗಸೂಚಿ ಹಾಗೇ ಇದೆ. ನನ್ ಹತ್ರ ಒಂದು ಸುಲಭ ಪರೀಕ್ಷೆ ಇದೆ. ಜಾಹೀರಾತಿನ ಮೇಲೆ ಕೈ ಇಟ್ಟು ಫೋಟೋ ಎಲ್ಲ ಮುಚ್ಚಿ. ಉಳಿದಿದ್ದನ್ನ ಓದಿ ಒಬ್ಬ ಮುದುಕಿ ಅರ್ಜಿ ಹಾಕೋಕೆ ಆಗುತ್ತಾ? ಆಗುತ್ತೆ ಅಂದ್ರೆ ಅದು ಸರ್ಕಾರದ ಜಾಹೀರಾತು. ಬರೀ "ಹಾರ್ದಿಕ ಸುಸ್ವಾಗತ" ಉಳಿದ್ರೆ ಬಿಲ್ಲು ಸಾಹೇಬ್ರ ಜೇಬಿಗೆ ಕಳ್ಸಿ.

ಸುದ್ದಿ ಬರೆಯೋರು ಯಾರು, ಅವ್ರ ದಿನ ಹೆಂಗಿರುತ್ತೆ

ನಮ್ ಜಿಲ್ಲೆಗಳಲ್ಲಿ ಜಿಲ್ಲಾ ಕೇಂದ್ರಕ್ಕೆ ವರದಿಗಾರರು ಇರ್ತಾರೆ, ತಾಲ್ಲೂಕಿಗೆ ಅರೆಕಾಲಿಕ ವರದಿಗಾರರು. ತಾಲ್ಲೂಕಿನವರಲ್ಲಿ ಬಹಳ ಜನಕ್ಕೆ ಪತ್ರಿಕೆಯಿಂದ ಬರೋದು ಪೆಟ್ರೋಲಿಗೂ ಸಾಲಲ್ಲ, ಅವ್ರು ಬೆಳಗ್ಗೆ ತೋಟ ನೋಡ್ಕೊಂಡು, ಇಲ್ಲಾ ಅಂಗಡಿ ತೆಗ್ದು, ಹನ್ನೊಂದಕ್ಕೆ ನಿಮ್ ಪ್ರೋಗ್ರಾಮಿಗೆ ಬರೋರು. ಹತ್ತೂವರೆ ಅಂತ ಕರ್ದು ಸಾಹೇಬ್ರು ಒಂದೂವರೆಗೆ ಬಂದ್ರೆ ಅವ್ರ ಒಂದಿನದ ದುಡಿಮೆ ಹೋಯ್ತು. ಈ ಒಂದು ವಿಷಯ ಅರ್ಥ ಆದ್ರೆ ಅರ್ಧ ಕೆಲ್ಸ ಕಲ್ತ ಹಾಗೆ. ಲೇಟಾಗುತ್ತೆ ಅಂತ ಗೊತ್ತಾದ ತಕ್ಷಣ ಒಂದು ಮೆಸೇಜ್ ಹಾಕಿ, "ಅಣ್ಣ, ಶಿಡ್ಲಘಟ್ಟ ಬಿಟ್ಟಿಲ್ಲ ಇನ್ನೂ, ಹನ್ನೆರಡೂವರೆಗೆ ಬನ್ನಿ ಸಾಕು". ಇಷ್ಟಕ್ಕೇ ನಿಮ್ಮನ್ನ ನೆನಪಿಟ್ಕೋತಾರೆ.

ಯೂಟ್ಯೂಬ್ ಚಾನೆಲ್ನವರು ಈಗ ಎಲ್ಲರಿಗಿಂತ ಮುಂಚೆ ಬಂದು ಮೈಕ್ ಇಡ್ತಾರೆ. ಅವ್ರನ್ನ ಪತ್ರಕರ್ತರೇ ಅಲ್ಲ ಅನ್ನೋರೂ ಇದಾರೆ, ನಾನು ಆ ಜಗಳಕ್ಕೆ ಹೋಗಲ್ಲ, ಊರಿನ ಜನ ಸಂಜೆ ನೋಡೋದು ಅದನ್ನೇ ತಾನೆ.

ಇನ್ನು ಕಳಿಸೋ ವಿಷಯ. ಲೆಟರ್‌ಹೆಡ್ಡಲ್ಲಿ ಪ್ರಿಂಟ್ ತೆಗ್ದು, ಸೀಲ್ ಹೊಡ್ದು, ಅದನ್ನ ಫೋನಲ್ಲಿ ಫೋಟೋ ತೆಗ್ದು ವಾಟ್ಸಾಪಲ್ಲಿ ಹಾಕೋದನ್ನ ಇವತ್ತೇ ನಿಲ್ಸಿ. ಆ ಕಡೆ ಇರೋನು ಅದನ್ನ ನೋಡ್ಕೊಂಡು ಮತ್ತೆ ಟೈಪ್ ಮಾಡ್ಬೇಕು, ಅಷ್ಟೊತ್ತಿಗೆ ಅವನಿಗೆ ಬೇರೆ ನಾಲ್ಕು ನೋಟ್ ಬಂದಿರುತ್ತೆ, ನಿಮ್ದನ್ನ ಪಕ್ಕಕ್ಕೆ ಇಡ್ತಾನೆ. ಟೆಕ್ಸ್ಟ್ ಕಳ್ಸಿ. ಅದೂ ಎರಡು ಥರ ಕಳ್ಸಿ, ಫೋನಲ್ಲಿ ಓದೋಕಾಗೋ ಯೂನಿಕೋಡಲ್ಲಿ ಒಂದು, ನುಡಿ ಅನ್ನೋ ಹಳೇ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಫಾಂಟಲ್ಲಿ ಒಂದು. ಕೆಲವು ಪತ್ರಿಕೆ ಪುಟ ಕಟ್ಟೋದು ಇನ್ನೂ ಹಳೇ ಫಾಂಟಲ್ಲೇ, ಯೂನಿಕೋಡ್ ಹಾಕಿದ್ರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿ, ಸ್ವಾಮಿಗಳ ಹೆಸ್ರು ಓದೋಕಾಗದ ಹಾಗೆ ಬಂದಿದ್ದೂ ಉಂಟು. ಟೈಮ್ ಅಂದ್ರೆ, ಮಧ್ಯಾಹ್ನ ಮೂರರೊಳಗೆ ಹೋದ್ರೆ ಒಳ್ಳೇದು, ಐದರ ಮೇಲೆ ಹೋದ್ರೆ ಅದು ದೊಡ್ಡ ಸುದ್ದೀನೇ ಆಗಿರ್ಬೇಕು.

ಪ್ರೆಸ್ ನೋಟ್ ಬರೆಯೋದು

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಾಲುಬಾಯಿ ಜ್ವರದ ಲಸಿಕೆ ತಗೊಳಿ, ನಮ್ ಕಡೆ ಮನೆಮನೆಗೂ ಸೀಮೆಹಸು, ವಿಷಯ ಎಲ್ಲರಿಗೂ ಬೇಕು. ಇಲಾಖೆಯಿಂದ ಬರೋ ಕರಡು ಸಾಮಾನ್ಯವಾಗಿ ಹಿಂಗಿರುತ್ತೆ:

"ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ ವತಿಯಿಂದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ಜ್ವರ ಲಸಿಕಾ ಅಭಿಯಾನವನ್ನು ಹಮ್ಮಿಕೊಳ್ಳಲಾಗಿದ್ದು, ಸದರಿ ಅಭಿಯಾನದ ಸದುಪಯೋಗವನ್ನು ರೈತ ಬಾಂಧವರು ಪಡೆದುಕೊಳ್ಳಬೇಕಾಗಿ ಈ ಮೂಲಕ ಕೋರಲಾಗಿದೆ."

ಇದ್ರಲ್ಲಿ ಸುಳ್ಳು ಒಂದೂ ಇಲ್ಲ, ಉಪಯೋಗಕ್ಕೆ ಬರೋದೂ ಒಂದೂ ಇಲ್ಲ. ಯಾವತ್ತು, ಎಲ್ಲಿ, ದುಡ್ಡು ಎಷ್ಟು, ದನನ ಆಸ್ಪತ್ರೆಗೆ ಹೊಡ್ಕೊಂಡು ಹೋಗ್ಬೇಕಾ ಇಲ್ಲಾ ಅವ್ರೇ ಬರ್ತಾರಾ, ಏನೂ ಇಲ್ಲ. ಅದಕ್ಕಿಂತ ಮುಖ್ಯ, ರೈತನ ತಲೇಲಿ ಓಡ್ತಿರೋ ಒಂದೇ ಪ್ರಶ್ನೆ ಅಂದ್ರೆ "ಸೂಜಿ ಚುಚ್ಚಿದ್ರೆ ಹಾಲು ಕಮ್ಮಿ ಆಗುತ್ತಂತಲ್ಲ?" ಅನ್ನೋದು, ಅದರ ಮಾತೇ ಇಲ್ಲ. ನಾನಾದ್ರೆ ಹಿಂಗ್ ಬರೀತೀನಿ:

"ಸೋಮವಾರದಿಂದ ಹಸು, ಎಮ್ಮೆಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲಾಗುತ್ತದೆ. ಲಸಿಕೆ ಉಚಿತ. ಸಿಬ್ಬಂದಿ ಬೆಳಗ್ಗೆ ಮನೆ ಬಾಗಿಲಿಗೇ ಬರುತ್ತಾರೆ, ಮೇಯಲು ಬಿಡುವ ಮುಂಚೆ ಕಟ್ಟಿಹಾಕಿರಿ. ಕಿವಿಯಲ್ಲಿ 12 ಅಂಕಿಯ ಓಲೆ ಇಲ್ಲದಿದ್ದರೆ ಅಲ್ಲೇ ಹಾಕುತ್ತಾರೆ. ನಾಲ್ಕು ತಿಂಗಳು ತುಂಬದ ಕರುಗಳಿಗೆ ಈ ಲಸಿಕೆ ಇಲ್ಲ. ಲಸಿಕೆ ಹಾಕಿದ ಮೇಲೆ ಕೆಲವು ದಿನ ಹಾಲು ಸ್ವಲ್ಪ ಇಳಿಯಬಹುದು, ಆಮೇಲೆ ಮೊದಲಿನಂತಾಗುತ್ತದೆ. ರೋಗವೇ ಬಂದರೆ ಹಸು ಮೇವು ಬಿಡುತ್ತದೆ, ಹಾಲು ತಿಂಗಳುಗಟ್ಟಲೆ ಹೋಗುತ್ತದೆ."

ಹಾಲು ಇಳಿಯೋ ಮಾತನ್ನ ಹಾಕೋಕೆ ಅಧಿಕಾರಿಗಳು ಒಪ್ಪಲ್ಲ, "ಯಾಕ್ರೀ ಹೆದರಿಸ್ತೀರಾ" ಅಂತಾರೆ. ಅವ್ರಿಗೆ ಹೇಳ್ಬೇಕು, ಸಾರ್, ಅದು ಊರಿಗೆಲ್ಲ ಗೊತ್ತಿರೋ ವಿಷಯ, ನೀವು ಮುಚ್ಚಿಟ್ರೆ ಮಿಕ್ಕಿದ್ದನ್ನೂ ನಂಬಲ್ಲ. ಜನಕ್ಕೆ ಆಗ್ಲೇ ಗೊತ್ತಿರೋ ಕೆಟ್ಟದ್ದನ್ನ ನೀವೇ ಮೊದ್ಲು ಹೇಳಿದ್ರೆ ಮಾತಿಗೆ ತೂಕ ಬರುತ್ತೆ.

ಬರ್ದಾದ ಮೇಲೆ ಪೇಪರಿಗೆ ಕಳ್ಸಿ ಕೈ ತೊಳ್ಕೊಂಡ್ರೂ ಆಗಲ್ಲ. ಊರಲ್ಲಿ ಪೇಪರ್ ಓದೋರು ಎಷ್ಟು ಜನ ಈಗ. ಹಳ್ಳೀಲಿ ಬೆಳಗ್ಗೆ ಆರರಿಂದ ಏಳರವರೆಗೆ ಎಲ್ಲರೂ ಒಂದೇ ಕಡೆ ಸಿಗೋದು ಡೈರಿ ಹತ್ರ. ಹಾಲು ಹಾಕೋಕೆ ಕ್ಯಾನ್ ಹಿಡ್ಕೊಂಡು ನಿಂತಿರ್ತಾರೆ, ಡೈರಿ ಸೆಕ್ರೆಟರಿ ಹಾಲಿನ ಡಿಗ್ರಿ ನೋಡ್ತಾ ನೋಡ್ತಾನೇ "ಸೋಮವಾರ ಸೂಜಿಯೋರು ಬರ್ತಾರಂತೆ, ದನ ಬಿಡ್ಬೇಡಿ" ಅಂದ್ರೆ ಸಾಕು, ಅದರ ಮುಂದೆ ಯಾವ ಜಾಹೀರಾತೂ ಇಲ್ಲ. ಪಟ್ಟಣದಲ್ಲಾದ್ರೆ ಕಸದ ಆಟೋ ಮೈಕು. ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಹೋದ್ರೆ ಮನೆ ಮಾತು ತೆಲುಗು, ಬರಹ ಕನ್ನಡದಲ್ಲೇ ಇರ್ಲಿ, ಆಟೋ ಮೈಕಲ್ಲಿ ಕೂಗ್ಸುವಾಗ ತೆಲುಗಲ್ಲೂ ಎರಡು ಮಾತು ಕೂಗ್ಸಿ, ಅಜ್ಜಿಯರು ಬಾಗಿಲಿಗೆ ಬಂದು ಕೇಳ್ತಾರೆ.

ಒಂದು ನನ್ನದೇ ಕರ್ಮಕಾಂಡ ಹೇಳ್ಬಿಡ್ತೀನಿ. ಒಂದ್ಸಲ ಒಂದು ಅಂಗನವಾಡಿ ಕಟ್ಟಡದ ಉದ್ಘಾಟನೆ ಇತ್ತು, ನಾನು ಜಾಣ ಅನ್ಕೊಂಡು ಬೆಳಗ್ಗೇನೇ "ಉದ್ಘಾಟಿಸಿ ಮಾತನಾಡಿದರು" ಅಂತ ಮೂರು ಪ್ಯಾರಾ ಬರ್ದು, ಮಕ್ಕಳ ಪೌಷ್ಟಿಕತೆ ಬಗ್ಗೆ ಸಾಹೇಬ್ರ ಬಾಯಲ್ಲಿ ಚೆನ್ನಾಗಿ ನಾಲ್ಕು ಮಾತು ಆಡ್ಸಿ, ಮಧ್ಯಾಹ್ನ ಒಂದಕ್ಕೇ ಕಳ್ಸಿಬಿಟ್ಟೆ. ಸಾಹೇಬ್ರು ಬೆಂಗಳೂರಲ್ಲಿ ಮೀಟಿಂಗಿಗೆ ಸಿಕ್ಕಾಕ್ಕೊಂಡು ಬರಲೇ ಇಲ್ಲ, ಪ್ರೋಗ್ರಾಮ್ ಮುಂದಕ್ಕೆ ಹೋಯ್ತು, ಆ ಗಡಿಬಿಡೀಲಿ ನಾನು ನೋಟ್ ವಾಪಸ್ ತಗೊಳೋದು ಮರ್ತೆ. ಮಾರನೇ ದಿನ ಒಂದು ಪತ್ರಿಕೇಲಿ ಪೂರ್ತಿ ಬಂತು, ಬರದೇ ಇದ್ದೋರು ಬಂದು, ತೆಗೀದೇ ಇರೋ ಬಾಗಿಲು ತೆಗ್ದು, ಭಾಷಣ ಮಾಡಿದ್ರು ಅಂತ. ಎದುರು ಪಾರ್ಟಿಯೋರು ಆ ಪೇಪರ್ ಹಿಡ್ಕೊಂಡು ಬೀಗ ಹಾಕಿರೋ ಅಂಗನವಾಡಿ ಮುಂದೆ ಸೆಲ್ಫಿ ತಗೊಂಡ್ರು. ಆವತ್ತಿಂದ ನಾನು ಮುಂಚೆ ಬರೆದ್ರೂ ಕಳ್ಸೋದು ಕಾರ್ಯಕ್ರಮ ಮುಗ್ದ ಮೇಲೆ, ಮುಂಚೆ ಕಳ್ಸಲೇಬೇಕಾದ್ರೆ "ಉದ್ಘಾಟಿಸಲಿದ್ದಾರೆ" ಅಂತ ಮಾತ್ರ.

ಫೋಟೋ, ಆಹ್ವಾನ ಪತ್ರಿಕೆ

ಇಪ್ಪತ್ತೆರಡು ಜನ ಒಂದೇ ಟೇಪ್ ಹಿಡ್ಕೊಂಡಿರೋ ಫೋಟೋ ಯಾರೂ ನೋಡಲ್ಲ, ಆ ಇಪ್ಪತ್ತೆರಡು ಜನ ಬಿಟ್ಟು. ಅದನ್ನ ತೆಗೀಲೇಬೇಕು, ಇಲ್ಲಾಂದ್ರೆ ನೀವು ಆಫೀಸಲ್ಲಿ ಉಳಿಯಲ್ಲ, ತೆಗ್ದು ಅವ್ರವ್ರ ವಾಟ್ಸಾಪಿಗೆ ಕಳ್ಸಿ. ಪೇಪರಿಗೆ ಬೇರೆ ಫೋಟೋ ಕಳ್ಸಿ, ಹೊಸ ನಲ್ಲಿ ಹತ್ರ ಕೊಡ ಹಿಡ್ದಿರೋ ಹೆಂಗಸು, ಆಕೆ ಜೊತೆ ಸಾಹೇಬ್ರು ಬಗ್ಗಿ ಮಾತಾಡ್ತಿರೋದು. ಹೆಸ್ರುಗಳನ್ನ ಎಡದಿಂದ ಬರ್ದು ಕಳ್ಸಿ, ಒಂದು ಹೆಸ್ರು ತಪ್ಪಿದ್ರೆ ಹದಿನೈದು ದಿನ ಅನುಭವಿಸ್ಬೇಕು.

ಸರ್ಕಾರಿ ಕಾರ್ಯಕ್ರಮದ ಆಹ್ವಾನ ಪತ್ರಿಕೇಲಿ ಹೆಸ್ರಿನ ಕ್ರಮ ನೀವಾಗಿ ತೀರ್ಮಾನ ಮಾಡೋಕೆ ಹೋಗ್ಬೇಡಿ. ಅದಕ್ಕೆ ಶಿಷ್ಟಾಚಾರ ಅಂತ ಇದೆ, ಡಿಸಿ ಆಫೀಸಿಗೋ ತಹಶೀಲ್ದಾರ್ ಆಫೀಸಿಗೋ ಕರಡು ಕಳ್ಸಿ ಸರಿ ಮಾಡ್ಸಿ. ಎದುರು ಪಕ್ಷದ ಎಂಎಲ್‌ಸಿ ಹೆಸ್ರು ಬಿಟ್ರೆ ಅದು ಮರುದಿನದ ಸುದ್ದಿ ಆಗುತ್ತೆ, ನೀವು ಉದ್ಘಾಟನೆ ಮಾಡ್ಸಿದ ರಸ್ತೆ ಸುದ್ದಿ ಅಲ್ಲೇ ಮುಳುಗೋಗುತ್ತೆ. ಫ್ಲೆಕ್ಸ್ ವಿಷಯ ನಾನು ಹೇಳೋದೇ ಬೇಡ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸು 2016ರಲ್ಲೇ ನಿಷೇಧ ಆಗಿದೆ, ಸರ್ಕಲಲ್ಲಿ ನೋಡಿದ್ರೆ ಹಂಗನ್ಸುತ್ತಾ?

ಕೆಟ್ಟ ಸುದ್ದಿ ಬಂದಾಗ

ಈ ಕೆಲ್ಸ ಬರುತ್ತೋ ಇಲ್ವೋ ಗೊತ್ತಾಗೋದು ಇಲ್ಲಿ. ನಮ್ ಕೋಲಾರ ಜಿಲ್ಲೇಲೇ ದೊಡ್ಡ ಉದಾಹರಣೆ ಇದೆ, ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗೆ ತುಂಬಿಸೋ ಯೋಜನೆ. 2018ರ ಜೂನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜನ ಹೋಗಿ ನೋಡಿದ್ದೇನು, ಕೈ ಮುಗ್ದಿದ್ದೇನು, ಎಷ್ಟೋ ವರ್ಷದಿಂದ ಒಣಗಿದ್ದ ಕೆರೆ ಅಲ್ವಾ, ಸಾವಿರಾರು ಅಡಿ ಬೋರ್ ಕೊರೆಸಿ ಸೋತಿರೋ ಊರುಗಳು. ಜುಲೈಗೆ ನೋಡಿದ್ರೆ ನೊರೆ. ಅಲ್ಲಿಗೆ ಹೈಕೋರ್ಟ್ ತಡೆ ಬಂತು, ಅದು ತೆರವಾಯ್ತು, 2019ರ ಜನವರೀಲಿ ಸುಪ್ರೀಂ ಕೋರ್ಟ್ ತಡೆ ಬಂತು, ಆಮೇಲೆ ಅದೂ ತೆರವಾಗಿ ನೀರು ಹರೀತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಹೋರಾಟ ಅದರ ಜೊತೆಗೇ ನಡೀತು.

ಯೋಜನೆ ಸರಿನೋ ತಪ್ಪೋ ಅನ್ನೋದನ್ನ ಇಲ್ಲಿ ಬಿಡಿ, ನನಗೆ ನನ್ನದೇ ಅಭಿಪ್ರಾಯ ಇದೆ. ಪ್ರಚಾರದ ಕೆಲ್ಸದ ಕಣ್ಣಲ್ಲಿ ನೋಡಿ. ಇದು ಅಂತರ್ಜಲಕ್ಕೆ, ನೇರ ಕುಡಿಯೋಕಲ್ಲ ಅನ್ನೋದು ಸರ್ಕಾರದ ಮಾತು. ಟೀ ಅಂಗಡೀಲಿ ಕೇಳ್ತಿದ್ದ ಪ್ರಶ್ನೆ ಬೇರೆ, "ಕೆರೆ ಪಕ್ಕ ನನ್ ಬೋರ್ ಇದೆ, ಆ ನೀರು ಕುಡೀಬಹುದಾ, ದನಕ್ಕೆ ಕುಡಿಸ್ಬಹುದಾ, ಕೊತ್ತಂಬರಿ ಬೆಳೆದ್ರೆ ಮಾರ್ಕೆಟಲ್ಲಿ ತಗೋತಾರಾ". ಈ ಥರ ಪರಿಸ್ಥಿತೀಲಿ ಪ್ರಚಾರದೋನು ಮಾಡ್ಬೇಕಾದ್ದು ಏನು ಅಂದ್ರೆ, ಆ ಪ್ರಶ್ನೆಗಳನ್ನ ಹಾಗೇ ಬರ್ಕೊಂಡು ಹೋಗಿ ಇಂಜಿನಿಯರ್ ಮುಂದೆ ಇಡೋದು, ಉತ್ತರ ಈಸ್ಕೊಳೋದು, ಲ್ಯಾಬ್ ರಿಪೋರ್ಟನ್ನ ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ತಿಂಗಳು ತಿಂಗಳು ಅಂಟಿಸೋ ಹಾಗೆ ಮಾಡ್ಸೋದು. ಅಧಿಕಾರಿ ಉತ್ತರ ಕೊಡೋಕೆ ತಡವರಿಸಿದ್ರೆ ಅಲ್ಲೇ ಗೊತ್ತಾಗುತ್ತೆ, ತೊಂದ್ರೆ ಪ್ರಚಾರದ್ದಲ್ಲ, ನೀರಿಂದೇ ಅಂತ. ಆಗ ಮೇಲಿನವರಿಗೆ "ಸಾರ್, ಇದು ನನ್ ಕೈಲಿ ಆಗೋದಲ್ಲ, ಪ್ಲಾಂಟಲ್ಲಿ ಸರಿ ಮಾಡ್ಸಿ" ಅಂತ ಹೇಳೋ ಧೈರ್ಯ ಇರ್ಬೇಕು. ನೊರೆ ಮೇಲೆ ಪ್ರೆಸ್ ನೋಟ್ ಹೊದಿಸಿದ್ರೆ ನೋಟೇ ನೆನೆಯುತ್ತೆ.

ಸಣ್ಣ ಅನಾಹುತ ಆದಾಗ, ಹಾಸ್ಟೆಲಲ್ಲಿ ಊಟ ಕೆಟ್ಟು ಮಕ್ಕಳು ಆಸ್ಪತ್ರೆ ಸೇರಿದ್ರು ಅನ್ಕೊಳಿ, ಮೊದಲ ಒಂದು ಗಂಟೆ ಮುಖ್ಯ. ಗೊತ್ತಿರೋದನ್ನ ಹೇಳಿ, ಎಷ್ಟು ಮಕ್ಕಳು, ಯಾವ ಆಸ್ಪತ್ರೆ, ಯಾರು ಅಲ್ಲಿ ಇದಾರೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ, ಮುಂದಿನ ಮಾಹಿತಿ ಎಷ್ಟೊತ್ತಿಗೆ ಅಂತ ಹೇಳಿ, ಆ ಹೊತ್ತಿಗೆ ಏನೂ ಹೊಸದಿಲ್ದೇ ಇದ್ರೂ ಬಂದು ನಿಂತ್ಕೊಳಿ. ಮಾತಾಡೋದು ಒಬ್ಬರೇ ಇರ್ಲಿ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಒಂದು ಸಂಖ್ಯೆ, ತಹಶೀಲ್ದಾರ್ ಒಂದು ಸಂಖ್ಯೆ ಹೇಳಿದ್ರೆ ಮೂರನೇ ಸಂಖ್ಯೆ ವಾಟ್ಸಾಪಲ್ಲಿ ತಾನಾಗೇ ಹುಟ್ಟುತ್ತೆ. "ಇದು ಸುಳ್ಳು ಸುದ್ದಿ" ಅನ್ನೋ ಮಾತನ್ನ ಪೂರ್ತಿ ವಿಚಾರ್ಸದೇ ಬಾಯಿಂದ ಬಿಡ್ಬೇಡಿ, ಸಂಜೆ ಅದು ನಿಜ ಆಗಿಬಿಟ್ರೆ ಮುಖ ಎಲ್ಲಿ ಇಟ್ಕೋತೀರಾ. ಪತ್ರಕರ್ತರನ್ನ ಗೇಟಲ್ಲಿ ನಿಲ್ಸೋದೂ ಬೇಡ. ಅಮೆರಿಕದಲ್ಲಿ 1906ರಲ್ಲೇ ಪೆನ್ಸಿಲ್ವೇನಿಯಾ ರೈಲ್ವೆಯಲ್ಲಿ ಅಪಘಾತ ಆದಾಗ ಐವಿ ಲೀ ಅನ್ನೋ ಪ್ರಚಾರದವನು ಕಂಪನಿ ಕಡೆಯಿಂದಾನೇ ಹೇಳಿಕೆ ಕೊಡ್ಸಿ, ಪತ್ರಕರ್ತರನ್ನ ಜಾಗಕ್ಕೆ ಕರ್ಕೊಂಡು ಹೋಗಿದ್ದ, ಪ್ರೆಸ್ ನೋಟ್ ಅನ್ನೋದು ಶುರುವಾಗಿದ್ದೇ ಅಲ್ಲಿಂದ ಅಂತಾರೆ. ನೂರಿಪ್ಪತ್ತು ವರ್ಷ ಆಯ್ತು, ನಮ್ಮಲ್ಲಿ ಇನ್ನೂ ಗೇಟ್ ಹಾಕ್ತಾರೆ. ಮಕ್ಕಳ ವಾರ್ಡಿನೊಳಗೆ ಕ್ಯಾಮೆರಾ ಬಿಡೋದು ಬೇಡ, ಅದು ಬೇರೆ ಮಾತು, ಹೊರಗೆ ನಿಂತು ಡಾಕ್ಟ್ರು ಮಾತಾಡ್ಲಿ.

ಮೈಕ್ ಮುಂದೆ

ಸಾಹೇಬ್ರು ಕಾರ್ ಇಳಿಯೋ ಮುಂಚೆ ಮೂರು ಪ್ರಶ್ನೆ ನೀವೇ ಕೇಳ್ಬಿಡಿ, ಕಾರಲ್ಲೇ, ಎಷ್ಟು ಕೆಟ್ಟದಾಗಿ ಕೇಳೋಕಾಗುತ್ತೋ ಅಷ್ಟು ಕೆಟ್ಟದಾಗಿ. ಅವ್ರು ನಿಮ್ ಮೇಲೆ ರೇಗಿದ್ರೆ ರೇಗ್ಲಿ, ಕ್ಯಾಮೆರಾ ಮುಂದೆ ರೇಗೋದಕ್ಕಿಂತ ವಾಸಿ. "ಇದು ಆಫ್ ದಿ ರೆಕಾರ್ಡ್" ಅನ್ನೋದನ್ನ ಮರ್ತುಬಿಡಿ, ಎಲ್ಲರ ಜೇಬಲ್ಲೂ ರೆಕಾರ್ಡರ್ ಇದೆ.

ಒಂದು ಸಾಲು ಎಷ್ಟು ದೂರ ಹೋಗುತ್ತೆ ಅಂತ ಕೋಲಾರದವರಿಗೆ ಬಿಡಿಸಿ ಹೇಳ್ಬೇಕಾ. 2019ರ ಏಪ್ರಿಲ್ 13ಕ್ಕೆ ರಾಹುಲ್ ಗಾಂಧಿ ಇಲ್ಲಿ ಪ್ರಚಾರ ಭಾಷಣದಲ್ಲಿ ಮೋದಿ ಅನ್ನೋ ಉಪನಾಮದ ಬಗ್ಗೆ ಒಂದು ಮಾತಾಡಿದ್ರು. ಗುಜರಾತಲ್ಲಿ ಮಾನನಷ್ಟ ಕೇಸಾಯ್ತು, 2023ರ ಮಾರ್ಚಲ್ಲಿ ಸೂರತ್ ಕೋರ್ಟ್ ಎರಡು ವರ್ಷ ಶಿಕ್ಷೆ ಕೊಡ್ತು, ಸಂಸತ್ ಸದಸ್ಯತ್ವ ಹೋಯ್ತು, ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ವಾಪಸ್ ಬಂತು. ಯಾರ ಪರ ಇದ್ರೂ ಸರಿ, ಭಾಷಣ ಬರ್ಕೊಡೋ ಹುಡುಗ್ರು ಈ ತಾರೀಖುಗಳನ್ನ ಗೋಡೆ ಮೇಲೆ ಬರ್ದು ಇಟ್ಕೋಬಹುದು.

ಎಲೆಕ್ಷನ್ ಬಂದ್ರೆ

ದಿನಾಂಕ ಘೋಷಣೆ ಆದ ಗಳಿಗೆಯಿಂದ ನೀತಿ ಸಂಹಿತೆ. ಸರ್ಕಾರಿ ದುಡ್ಡಲ್ಲಿ ಸಾಧನೆ ಜಾಹೀರಾತು ಬಂದ್, ಶಂಕುಸ್ಥಾಪನೆ ಬಂದ್. ಟಿವಿ, ಕೇಬಲ್, ಸೋಷಿಯಲ್ ಮೀಡಿಯಾದ ಜಾಹೀರಾತಿಗೆ ಎಂಸಿಎಂಸಿ ಅಂತ, ಅಂದ್ರೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತೆ, ಅವ್ರಿಂದ ಮೊದ್ಲೇ ಸರ್ಟಿಫಿಕೇಟ್ ತಗೋಬೇಕು. ಪೇಪರ್ ಜಾಹೀರಾತಿಗಾದ್ರೆ ಮತದಾನದ ದಿನ ಮತ್ತೆ ಅದರ ಹಿಂದಿನ ದಿನ ಬರೋದಕ್ಕೆ ಮಾತ್ರ ಈ ಸರ್ಟಿಫಿಕೇಟ್ ಬೇಕು. ಕರಪತ್ರದಲ್ಲಿ ಮುದ್ರಕ, ಪ್ರಕಾಶಕರ ಹೆಸ್ರು ವಿಳಾಸ ಇರಲೇಬೇಕು, ಇಲ್ಲಾಂದ್ರೆ ಪ್ರಜಾಪ್ರತಿನಿಧಿ ಕಾಯ್ದೆ 127ಎ ಪ್ರಕಾರ ಕೇಸು, ಪ್ರೆಸ್ಸಿನವರೂ ಸಿಕ್ಕಾಕ್ಕೋತಾರೆ. ವಿಧಾನಸಭೆ ಅಭ್ಯರ್ಥಿಗೆ ಕರ್ನಾಟಕದಲ್ಲಿ ಖರ್ಚಿನ ಮಿತಿ 40 ಲಕ್ಷ, ಪೇಯ್ಡ್ ನ್ಯೂಸ್, ಅಂದ್ರೆ ದುಡ್ಡು ಕೊಟ್ಟು ಹಾಕ್ಸಿದ ಸುದ್ದಿ ಅಂತ ಸಮಿತಿ ತೀರ್ಮಾನ ಮಾಡಿದ್ರೆ ಅದರ ಬೆಲೇನೂ ಆ ಲೆಕ್ಕಕ್ಕೇ ಸೇರುತ್ತೆ. ಮತದಾನ ಮುಗಿಯೋ ಟೈಮಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲುತ್ತೆ.

ಪೇಯ್ಡ್ ನ್ಯೂಸ್ ಅಂದ ಕೂಡ್ಲೇ ಕವರ್ ವಿಷಯ ಬರುತ್ತೆ. ಪ್ರೆಸ್ ಮೀಟ್ ಮುಗ್ದ ಮೇಲೆ ಪತ್ರಕರ್ತರಿಗೆ ದುಡ್ಡಿನ ಕವರ್ ಹಂಚೋರು ಇದಾರೆ, ಈಸ್ಕೊಳೋರೂ ಇದಾರೆ, ಮುಟ್ಟದೇ ಎದ್ದು ಹೋಗೋರೂ ಇದಾರೆ. ನಾನು ಹುಡುಗನಿಗೆ ಹೇಳಿದ್ದು ಇಷ್ಟೆ, ನಿನ್ ಕೈಯಿಂದ ಕವರ್ ಕೊಡ್ಬೇಡ. ಇವತ್ತು ಕವರ್ ಈಸ್ಕೊಂಡೋನು ನಾಳೆ ಆ ಕಡೆಯಿಂದ ದಪ್ಪ ಕವರ್ ಬಂದ್ರೆ ಏನ್ ಬರೀತಾನೆ ಅಂತ ಯೋಚ್ನೆ ಮಾಡು. ಊಟ ಹಾಕು, ಕಾಫಿ ಕೊಡು, ಕೇಳಿದ ಮಾಹಿತಿ ಟೈಮಿಗೆ ಕೊಡು.

ಕೇಳಿಸ್ಕೊಳೋ ಕೆಲ್ಸ

ಎಲ್ಲರೂ ಮರೆಯೋದು ಇದನ್ನ. ಸಾರ್ವಜನಿಕ ಸಂಪರ್ಕ ಅಂದ್ರೆ ನಾವು ಹೇಳೋದೊಂದೇ ಅನ್ಕೊಂಡಿದೀವಿ. 2023ರ ಸೆಪ್ಟೆಂಬರಲ್ಲಿ ಜಿಲ್ಲೆ ಜಿಲ್ಲೇಲೂ ಜನತಾ ದರ್ಶನ ಮಾಡಿದ್ರಲ್ಲ, ಅದಕ್ಕೂ ಮುಂಚೆ 2021ರಲ್ಲಿ ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ ಅಂತ ಬಂತು, ಸರ್ಕಾರ ಯಾವುದೇ ಇರ್ಲಿ ಇಂಥದ್ದೊಂದು ಇರುತ್ತೆ. ಆವತ್ತು ಫೋಟೋ ಚೆನ್ನಾಗಿ ಬರುತ್ತೆ. ಅರ್ಜಿ ಕೊಟ್ಟ ಹೆಂಗಸು ಮೂರು ತಿಂಗಳಾದ್ಮೇಲೆ ಊರಲ್ಲಿ ಏನ್ ಮಾತಾಡ್ತಾಳೆ ಅನ್ನೋದು ನಿಜವಾದ ಪ್ರಚಾರ.

ಹಂಗಾಗಿ ಒಂದು ಉದ್ದ ನೋಟ್‌ಬುಕ್ ಇಡಿ, ಎಕ್ಸೆಲ್ ಬಂದ್ರೆ ಎಕ್ಸೆಲ್. ಹೆಸ್ರು, ಊರು, ಫೋನು, ವಿಷಯ, ಯಾವ ಇಲಾಖೆಗೆ ಕಳ್ಸಿದ್ದು, ಯಾವತ್ತು. ಸಕಾಲ ಕಾಯ್ದೆ ಅಡಿ ಬರೋ ಸೇವೆ ಆದ್ರೆ, ಅರ್ಜಿಗೆ ಕೊಡೋ ಜಿಎಸ್‌ಸಿ ನಂಬರ್ ಬರ್ಕೊಳಿ, ಎಷ್ಟು ದಿನದಲ್ಲಿ ಆಗ್ಬೇಕು ಅಂತ ಕಾನೂನೇ ಹೇಳುತ್ತೆ, ನೀವು ಶಿಫಾರಸು ಮಾಡೋ ಅಗತ್ಯಾನೇ ಇಲ್ಲ, ನೆನಪು ಮಾಡಿದ್ರೆ ಸಾಕು. ಹದಿನೈದು ದಿನಕ್ಕೆ ಫೋನ್ ಮಾಡಿ. "ಅಮ್ಮ, ನಿಮ್ ಪಿಂಚಣಿ ಅರ್ಜಿ ನಾಡಕಚೇರೀಲಿ ಇದೆ, ಆಧಾರಲ್ಲಿ ವಯಸ್ಸು ತಪ್ಪಾಗಿದೆ ಅಂತೆ, ಅದನ್ನ ಮೊದ್ಲು ಸರಿ ಮಾಡ್ಸಿ" ಅಂತ ಒಂದು ಮಾತು. ಕೆಲ್ಸ ಆಗದೇ ಇದ್ರೂ ಪರವಾಗಿಲ್ಲ, ಫೋನ್ ಬಂತು ಅನ್ನೋದೇ ಊರೆಲ್ಲ ಹೇಳ್ಕೊಂಡು ಬರ್ತಾರೆ. ಆಗಲ್ಲ ಅನ್ನೋದನ್ನೂ ಹೇಳಿ, ನಿಯಮದಲ್ಲಿ ಬರಲ್ಲ ಅಂತ ನೇರವಾಗಿ ಹೇಳಿದ್ರೆ ಬೈಕೊಂಡು ಹೋಗ್ತಾರೆ, ಆರು ತಿಂಗಳು ಅಲೆದಾಡ್ಸಿ ಹೇಳಿದ್ರೆ ಶಾಪ ಹಾಕ್ತಾರೆ.

ಮದುವೆ ಪತ್ರಿಕೆ, ತಿಥಿ ಕಾರ್ಡು ಕೊಟ್ಟೋರ ಲಿಸ್ಟೂ ಇದೇ ಥರ. ನಮ್ ಕಡೆ ಮದುವೆಗೆ ಬರದಿದ್ರೆ ಕ್ಷಮಿಸ್ತಾರೆ, ತಿಥಿಗೆ ಬರದಿದ್ರೆ ಮನಸ್ಸಲ್ಲಿ ಇಟ್ಕೋತಾರೆ. ಅಲ್ಲಿಗೆ ಫೋಟೋಗ್ರಾಫರ್ ಕರ್ಕೊಂಡು ಹೋಗ್ಬೇಡಿ ದಯವಿಟ್ಟು.

ಕೊನೇದಾಗಿ ಕ್ಲಿಪಿಂಗ್ ಫೈಲು. ದಿನಾ ಬೆಳಗ್ಗೆ ಎಂಟರೊಳಗೆ ಎಲ್ಲ ಪತ್ರಿಕೆ ನೋಡಿ, ಕ್ಷೇತ್ರದ ಸುದ್ದಿ ಕತ್ತರಿಸಿ, ತಾರೀಖು ಪತ್ರಿಕೆ ಹೆಸ್ರು ಬರ್ದು ಅಂಟಿಸಿ ಸಾಹೇಬ್ರ ಟೇಬಲ್ ಮೇಲಿಡಿ. ಹೊಗಳಿರೋದು ಕೆಳಗೆ, ಬೈದಿರೋದು ಮೇಲೆ. ನಾನು ಮೊದಮೊದ್ಲು ಉಲ್ಟಾ ಇಡ್ತಿದ್ದೆ, ಸಾಹೇಬ್ರು ಮೇಲಿನ ನಾಲ್ಕು ಹಾಳೆ ನೋಡಿ ಖುಷಿಯಾಗಿ ಕಾರ್ ಹತ್ತೋರು, ಹಳ್ಳೀಲಿ ಜನ ಐದನೇ ಹಾಳೆ ಹಿಡ್ಕೊಂಡು ರಸ್ತೇಲಿ ನಿಂತಿರೋರು.

ಇಷ್ಟೆಲ್ಲ ಕೇಳಿ ಹುಡುಗ, "ಮಾವ, ಹಂಗಾದ್ರೆ ರೀಲ್ಸ್?" ಅಂದ. ಮಾಡಪ್ಪ, ಬೇಡ ಅಂದವ್ರಾರು, ಮೊದ್ಲು ಆ ನೋಟ್‌ಬುಕ್ ತಗೊಂಡ್ ಬಾ.